ಯುದ್ಧ ನಡೆಯುತ್ತಿರುವಾಗಲೇ ಲೆಕ್ಕ ಕೇಳಬೇಕೆ? ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯ ಸುಬೇದಾರರಿಗೆ ನಮಸ್ಕಾರಗಳು.

ಇರಾಕ್ ಯುದ್ಧದಲ್ಲಿ ಅಮೆರಿಕ ಸರ್ಕಾರ ಖಾಸಗಿ ಗುತ್ತಿಗೆದಾರರಿಗೆ ಪಾವತಿಸಿದ ಹಣದ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ವಿರಾಜಪೇಟೆಯಿಂದ ಬರೆದ ದೀರ್ಘ ಪತ್ರ ತಲುಪಿದೆ. ಸ್ಥಳಾಭಾವದಿಂದ ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸಾಧ್ಯವಾಗದ ಕಾರಣ, ತಮ್ಮ ಮಾತಿನ ಸಾರವನ್ನು ಇತರ ಓದುಗರಿಗಾಗಿ ಇಲ್ಲಿ ಕೊಡುತ್ತಿದ್ದೇನೆ. ಸೇನೆಗೆ ಆಹಾರ, ಇಂಧನ ಪೂರೈಸುವ ವಿಭಾಗವಾದ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ತಾವು, ಗುಂಡು ಹಾರುತ್ತಿರುವ ಜಾಗಕ್ಕೆ ಅಕ್ಕಿ, ಎಣ್ಣೆ, ಇಂಧನ ಮುಟ್ಟಿಸುವವನಿಗೆ ಟೆಂಡರ್ ಕರೆಯುವ ವ್ಯವಧಾನ ಇರುವುದಿಲ್ಲ, ಮೊದಲು ಸಾಮಾನು, ಆಮೇಲೆ ಲೆಕ್ಕ ಎಂಬುದೇ ಯುದ್ಧದ ನಿಯಮ ಎಂದಿದ್ದೀರಿ. ಯುದ್ಧದ ನಡುವೆ ಇಂಥ ತನಿಖೆ ನಡೆಸಿದರೆ ಸೈನಿಕರ ಮನೋಬಲ ಕುಗ್ಗುತ್ತದೆ ಎಂಬುದು ತಮ್ಮ ಎರಡನೆಯ ಆಕ್ಷೇಪ. ಅಮೆರಿಕದ ಹಗರಣದಿಂದ ಕೊಡಗಿನವರಿಗೆ ಆಗಬೇಕಾದದ್ದೇನು ಎಂಬುದು ಕೊನೆಯ ಪ್ರಶ್ನೆ.

ಮೊದಲ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಹಸಿದ ಸೈನಿಕನ ಮುಂದೆ ಟೆಂಡರ್ ನಿಯಮಗಳನ್ನು ಓದಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಹೆಚ್ಚುವರಿ ಬಿಲ್ಲುಗಳು ಎಲ್ಲಿ, ಯಾವಾಗ ಎದ್ದವು ಎಂಬುದನ್ನು ದಯವಿಟ್ಟು ಗಮನಿಸಿ. ಬಾಗ್ದಾದ್ 2003ರ ಏಪ್ರಿಲ್‌ನಲ್ಲೇ ಅಮೆರಿಕದ ಕೈವಶವಾಗಿತ್ತು. ಅದಾದ ಮೂರು ತಿಂಗಳಿಗೆ, ಜುಲೈನಲ್ಲಿ, ಯುದ್ಧಭೂಮಿಯ ಹೊರಗಿದ್ದ ಕುವೈತಿನ ಅರಿಫ್‌ಜಾನ್ ಶಿಬಿರದಲ್ಲಿ ದಿನಕ್ಕೆ ಸರಾಸರಿ 42,000 ಊಟಗಳಿಗೆ ಬಿಲ್ಲು ಹೋಗಿತ್ತು. ಬಡಿಸಿದ್ದು ಸುಮಾರು 14,000 ಊಟಗಳನ್ನು ಮಾತ್ರ ಎಂದು ಮರುವರ್ಷ ಬೆಳಕಿಗೆ ಬಂತು. ಗುತ್ತಿಗೆ ಹಿಡಿದಿದ್ದ, ಅಮೆರಿಕದ ತೈಲಸೇವಾ ಕಂಪನಿ ಹ್ಯಾಲಿಬರ್ಟನ್‌ನ ಅಂಗಸಂಸ್ಥೆ ಕೆಬಿಆರ್, ಎಷ್ಟು ಜನ ಬರಬಹುದೆಂಬ ಅಂದಾಜಿನ ಮೇಲೆ ಅಡುಗೆ ಮಾಡಬೇಕಾಗುತ್ತದೆಯೇ ಹೊರತು ಬಂದವರ ತಲೆ ಎಣಿಸಿ ಅಲ್ಲ ಎಂದು ಸಮರ್ಥಿಸಿಕೊಂಡಿತು. ಆ ವಾದದಲ್ಲಿ ಸ್ವಲ್ಪ ಹುರುಳಿದೆ ಎಂದೇ ಇಟ್ಟುಕೊಳ್ಳೋಣ. ಆದರೆ ಪ್ರತಿದಿನ ಪೆರೇಡ್ ಸ್ಟೇಟ್ (ಹಾಜರಿರುವವರ ಲೆಕ್ಕದ ಪಟ್ಟಿ) ನೋಡಿ ರೇಷನ್ ಕೊಡುತ್ತಿದ್ದ ತಮಗೆ, ಅಂದಾಜಿಗೂ ಊಟ ಮಾಡಿದವರ ಸಂಖ್ಯೆಗೂ ಮೂರು ಪಟ್ಟು ಅಂತರ ತಿಂಗಳುಗಟ್ಟಲೆ ಉಳಿಯಲು ಸಾಧ್ಯವೇ ಎಂಬುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಭೋಜನಶಾಲೆಗಳ ಒಟ್ಟು ವಿವಾದವನ್ನು ಸೇನೆ 2005ರಲ್ಲಿ 5.5 ಕೋಟಿ ಡಾಲರ್ ಕಡಿತ ಮಾಡಿ ಮುಗಿಸಿತು.

ಇಂಧನದ ಕಥೆ ಇದಕ್ಕಿಂತ ಗಂಭೀರವಾದದ್ದು. ಕುವೈತಿನಿಂದ ಇರಾಕಿಗೆ ಪೆಟ್ರೋಲ್ ಸಾಗಿಸಿದ್ದಕ್ಕೆ ಅದೇ ಸಂಸ್ಥೆ 6.1 ಕೋಟಿ ಡಾಲರ್ ಹೆಚ್ಚಿಗೆ ವಸೂಲು ಮಾಡಿರಬಹುದು ಎಂದು ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್‌ನ ಲೆಕ್ಕಪರಿಶೋಧಕರು 2003ರ ಡಿಸೆಂಬರ್‌ನಲ್ಲೇ ಹೇಳಿದರು. ತೈಲ ಕ್ಷೇತ್ರಕ್ಕೆ ಸಂಬಂಧಿಸಿದ ಸುಮಾರು 241 ಕೋಟಿ ಡಾಲರಿನ ಈ ಗುತ್ತಿಗೆಯನ್ನು ಪೂರ್ತಿ ಪರಿಶೀಲಿಸಿದ ನಂತರ, 26.3 ಕೋಟಿ ಡಾಲರ್ ವೆಚ್ಚ ಅತಿಯಾಗಿದೆ ಅಥವಾ ಆಧಾರವಿಲ್ಲದ್ದು ಎಂದು ಆಕ್ಷೇಪಿಸಿದರು. ಅಂದರೆ ಪರಿಶೋಧಕರು ನಿದ್ರಿಸುತ್ತಿರಲಿಲ್ಲ. ತಮ್ಮ ಕೆಲಸವನ್ನು ಸಕಾಲದಲ್ಲೇ ಮಾಡಿದ್ದರು. ಹೀಗಿದ್ದೂ 2006ರಲ್ಲಿ ಸೇನೆ, ಆಕ್ಷೇಪಕ್ಕೆ ಒಳಗಾಗಿದ್ದ ಮೊತ್ತದಲ್ಲಿ ಸುಮಾರು 1 ಕೋಟಿ ಡಾಲರನ್ನು ಮಾತ್ರ ತಡೆದು ಉಳಿದದ್ದನ್ನೆಲ್ಲ ಪಾವತಿಸಲು ತೀರ್ಮಾನಿಸಿತು. ಯುದ್ಧದ ಪರಿಸ್ಥಿತಿಯಲ್ಲಿ ಇಂಥ ವೆಚ್ಚ ಸಹಜ ಎಂಬುದು ಅದು ಕೊಟ್ಟ ಕಾರಣ. ನಮ್ಮ ಲೇಖನದಲ್ಲಿ ಬಿಲ್ಲಿನ ಅಂಕಿಗಳಿಗೆ ಹೆಚ್ಚು ಒತ್ತು ಬಿದ್ದಿತ್ತು. ನನ್ನನ್ನು ಹೆಚ್ಚು ಕಾಡುವುದು ತಪ್ಪನ್ನು ಕಂಡುಹಿಡಿದ ಮೇಲೂ ಹಣ ಕೈಬಿಟ್ಟು ಹೋದ ಬಗೆ. ಲೆಕ್ಕಪರಿಶೋಧಕನಿಗೆ ಶಿಫಾರಸು ಮಾಡುವ ಅಧಿಕಾರವಷ್ಟೇ ಇದ್ದು, ಚೆಕ್ ಬರೆಯುವವನು ಆ ಶಿಫಾರಸನ್ನು ಬದಿಗಿಡಬಹುದಾದರೆ, ಆಮೇಲೆ ಲೆಕ್ಕ ಎಂಬ ತಮ್ಮ ನಿಯಮದ ಉತ್ತರಾರ್ಧ ನಡೆಯುವುದೇ ಇಲ್ಲ.

ಇಂಥ ಗುತ್ತಿಗೆಗಳ ರಚನೆಯಲ್ಲೇ ಒಂದು ದೋಷವಿದೆ. ಯುದ್ಧದಲ್ಲಿ ಎಷ್ಟು ಖರ್ಚಾದೀತೆಂದು ಮೊದಲೇ ಹೇಳಲು ಬಾರದ ಕಾರಣ, ಗುತ್ತಿಗೆದಾರ ಮಾಡಿದ ವೆಚ್ಚವನ್ನೆಲ್ಲ ಭರಿಸಿ ಅದರ ಮೇಲೆ ಲಾಭಾಂಶ ಕೊಡುವ ಪದ್ಧತಿ ಬಳಕೆಯಲ್ಲಿದೆ. ಆದ ವೆಚ್ಚದ ಮೇಲೆ ನೇರವಾಗಿ ಶೇಕಡಾವಾರು ಲಾಭ ಕೊಡುವುದನ್ನು ಅಮೆರಿಕದ ಕಾನೂನು ನಿಷೇಧಿಸಿದೆ. ಹಾಗಾಗಿ ಸೇನೆಯ ಊಟ, ವಸತಿ, ಸಾಗಾಟದ ಬೃಹತ್ ಗುತ್ತಿಗೆಯಲ್ಲಿ ಅಂದಾಜು ವೆಚ್ಚದ ಶೇ. 1ರಷ್ಟು ಖಚಿತ ಲಾಭ ಮತ್ತು ಕೆಲಸದ ಗುಣಮಟ್ಟ ನೋಡಿ ಶೇ. 2ರವರೆಗೆ ಬಹುಮಾನ ಎಂದು ಗೊತ್ತುಮಾಡಲಾಗಿತ್ತು. ಕೇಳಲು ಮಿತವಾಗಿಯೇ ಇದೆ. ಆದರೆ ಅಂದಾಜು ಹಿಗ್ಗಿದರೆ ಲಾಭವೂ ಹಿಗ್ಗುತ್ತದೆ, ವೆಚ್ಚ ತಗ್ಗಿಸಿದವನಿಗೆ ಸಿಗುವುದೇನೂ ಇಲ್ಲ. ನಮ್ಮ ತೋಟಗಳಲ್ಲಿ ಕಾಫಿ ಕೊಯ್ಲನ್ನು ಕಿಲೋ ಲೆಕ್ಕದಲ್ಲಿ ಕೊಟ್ಟಾಗ ಸಂಜೆ ತಕ್ಕಡಿಯ ಬಳಿ ತೋಟದ ಲೆಕ್ಕ ಬರೆಯುವ ರೈಟರ್ ನಿಂತಿರುತ್ತಾನೆ. ಕೊಯ್ದವರ ಮೇಸ್ತ್ರಿಯೇ ತೂಗಿ, ಮೇಸ್ತ್ರಿಯೇ ಬರೆದು, ಮೇಸ್ತ್ರಿಯೇ ಹಣ ಎಣಿಸಿಕೊಳ್ಳಲಿ ಎಂದು ಯಾವ ತೋಟದ ಮಾಲೀಕರೂ ಬಿಡುವುದಿಲ್ಲ. ಇರಾಕಿನಲ್ಲಿ ಆದದ್ದು ಬಹುಮಟ್ಟಿಗೆ ಅದೇ. 1990ರ ದಶಕದಲ್ಲಿ ಖರೀದಿ ಮತ್ತು ಮೇಲ್ವಿಚಾರಣೆಯ ಸಿಬ್ಬಂದಿಯನ್ನು ಕಡಿತಗೊಳಿಸುತ್ತ ಬಂದಿದ್ದ ಸರ್ಕಾರದ ಬಳಿ, ಯುದ್ಧ ಬಂದು ಗುತ್ತಿಗೆಗಳು ಹಲವು ಪಟ್ಟು ಬೆಳೆದಾಗ ಶಿಬಿರಗಳಲ್ಲಿ ನಿಂತು ಅಳೆಯುವ ಜನರೇ ಸಾಕಷ್ಟು ಇರಲಿಲ್ಲ.

ಇದ್ದವರಲ್ಲಿ ದನಿ ಎತ್ತಿದವರ ಗತಿ ಏನಾಯಿತು ಎಂಬುದನ್ನೂ ಹೇಳಬೇಕು. ಸೇನೆಯ ಎಂಜಿನಿಯರ್ ದಳದಲ್ಲಿ ಗುತ್ತಿಗೆಗಳ ಉನ್ನತ ನಾಗರಿಕ ಅಧಿಕಾರಿಯಾಗಿದ್ದ ಬನಟೀನ್ ಗ್ರೀನ್‌ಹೌಸ್ ಅವರು, ಸ್ಪರ್ಧೆಯಿಲ್ಲದೆ ಕೊಟ್ಟ ತೈಲ ಗುತ್ತಿಗೆಯ ಅವಧಿಯನ್ನು ಐದು ವರ್ಷಕ್ಕೆ ಎಳೆಯುವುದು ಸರಿಯಲ್ಲವೆಂದು ತಮ್ಮ ಸಹಿಯ ಪಕ್ಕದಲ್ಲೇ ಕೈಬರಹದಲ್ಲಿ ಆಕ್ಷೇಪ ದಾಖಲಿಸಿದರು. ತುರ್ತು ಗುತ್ತಿಗೆಯನ್ನೇ ಅವರು ವಿರೋಧಿಸಲಿಲ್ಲ ಎಂಬುದು ತಮ್ಮ ವಾದದ ದೃಷ್ಟಿಯಿಂದ ಮುಖ್ಯ; ತುರ್ತು ಮುಗಿದ ಮೇಲೂ ಅದೇ ಗುತ್ತಿಗೆ ಏಕೆ ಎಂದು ಕೇಳಿದರು. 2005ರ ಜೂನ್‌ನಲ್ಲಿ ಸೆನೆಟ್ ಸದಸ್ಯರ ಮುಂದೆ ಬಹಿರಂಗವಾಗಿ ಮಾತನಾಡಿದ ಅವರನ್ನು ಆಗಸ್ಟ್‌ನಲ್ಲಿ ಹುದ್ದೆಯಿಂದ ಕೆಳಗಿಳಿಸಲಾಯಿತು. 2011ರಲ್ಲಿ ಸರ್ಕಾರ 9.7 ಲಕ್ಷ ಡಾಲರ್ ಕೊಟ್ಟು ಅವರೊಂದಿಗೆ ರಾಜಿ ಮಾಡಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಯುದ್ಧಕಾಲದ ಗುತ್ತಿಗೆಗಳ ಬಗ್ಗೆ ಅಮೆರಿಕದ ಸಂಸತ್ತು ನೇಮಿಸಿದ್ದ ಆಯೋಗ ಅಂತಿಮ ವರದಿ ಕೊಟ್ಟು, ಇರಾಕ್ ಮತ್ತು ಅಫ್ಗಾನಿಸ್ತಾನಗಳಲ್ಲಿ ಸುಮಾರು 20,600 ಕೋಟಿ ಡಾಲರ್ ಗುತ್ತಿಗೆ ವೆಚ್ಚದಲ್ಲಿ 3,100 ಕೋಟಿಯಿಂದ 6,000 ಕೋಟಿ ಡಾಲರ್ ದುಂದು ಮತ್ತು ವಂಚನೆಗೆ ಹೋಗಿದೆ ಎಂದು ಅಂದಾಜಿಸಿತು. ಇದು ತನಿಖಾ ಆಯೋಗದ ಅಂದಾಜೇ ಹೊರತು ನ್ಯಾಯಾಲಯದ ತೀರ್ಪಲ್ಲ. ಅದರಲ್ಲಿ ವಂಚನೆಗಿಂತ ಅವ್ಯವಸ್ಥೆಯ ಪಾಲೇ ದೊಡ್ಡದು.

ಮನೋಬಲದ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ನಾನು ತಮ್ಮನ್ನು ಒಪ್ಪಲಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಸೇನೆಗೆ ಕೊಳೆತ ಆಹಾರವನ್ನೂ ಬಾಳಿಕೆ ಬಾರದ ಸಮವಸ್ತ್ರವನ್ನೂ ಮಾರಿದವರ ವಿರುದ್ಧ, ಯುದ್ಧ ಮುಗಿಯುವವರೆಗೂ ಕಾಯದೆ 1863ರ ಮಾರ್ಚ್‌ನಲ್ಲೇ ಸುಳ್ಳು ಕ್ಲೇಮುಗಳ ಕಾಯ್ದೆ ಬಂತು. ಸರ್ಕಾರಕ್ಕೆ ಆದ ನಷ್ಟದ ಎರಡು ಪಟ್ಟು ವಸೂಲಿ, ವಂಚನೆಯನ್ನು ನ್ಯಾಯಾಲಯಕ್ಕೆ ಒಯ್ದ ನಾಗರಿಕನಿಗೆ ಅದರಲ್ಲಿ ಪಾಲು ಎಂಬುದು ಅದರ ಏರ್ಪಾಟು. 1986ರ ತಿದ್ದುಪಡಿಯ ನಂತರ ವಸೂಲಿ ಮೂರು ಪಟ್ಟಾಯಿತು. ಎರಡನೆಯ ಮಹಾಯುದ್ಧದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಸೆನೆಟರ್ ಹ್ಯಾರಿ ಟ್ರೂಮನ್ ಸೇನಾ ಶಿಬಿರಗಳ ನಿರ್ಮಾಣದಲ್ಲಿ ಆಗುತ್ತಿದ್ದ ದುಂದನ್ನು ಕಣ್ಣಾರೆ ಕಂಡು ಬಂದು, 1941ರಲ್ಲಿ ಕೇವಲ 15,000 ಡಾಲರ್ ಅನುದಾನದಲ್ಲಿ ಒಂದು ತನಿಖಾ ಸಮಿತಿಯನ್ನು ಆರಂಭಿಸಿದರು. ಅದು ಯುದ್ಧದುದ್ದಕ್ಕೂ ಕೆಲಸ ಮಾಡಿತು. ವಿಮಾನದ ಎಂಜಿನ್‌ಗಳಲ್ಲಿದ್ದ ದೋಷಗಳನ್ನೂ ಹೊರತೆಗೆಯಿತು. ಅದು ಉಳಿಸಿದ ಹಣ 1,000 ಕೋಟಿಯಿಂದ 1,500 ಕೋಟಿ ಡಾಲರ್ ಇರಬಹುದೆಂದು ಅಂದಾಜಿದೆ. ಸೇನಾಪತಿಗಳ ಯುದ್ಧತಂತ್ರದಲ್ಲಿ ಕೈಹಾಕುವುದಿಲ್ಲ ಎಂಬ ನಿಯಮವನ್ನು ಟ್ರೂಮನ್ ಮೊದಲೇ ಹಾಕಿಕೊಂಡಿದ್ದರು. ಈ ತನಿಖೆಯಿಂದ ಅಮೆರಿಕ ಯುದ್ಧ ಸೋಲಲಿಲ್ಲ. ಮನೋಬಲ ಕುಗ್ಗುವುದು ಕೆಟ್ಟ ಎಂಜಿನ್ ಸಿಕ್ಕ ಪೈಲಟ್‌ನದು. ಕೆಟ್ಟದ್ದನ್ನು ಯಾರೋ ತಡೆಯುತ್ತಿದ್ದಾರೆ ಎಂಬ ಸುದ್ದಿ ಅವನಿಗೆ ಧೈರ್ಯವನ್ನೇ ಕೊಡುತ್ತದೆ ಎಂದು ನಾನು ನಂಬುತ್ತೇನೆ.

ಕೊಡಗಿಗೆ ಇದರಿಂದ ಏನು ಎಂದು ಕೇಳಿದ್ದೀರಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯನವರ ನಾಡಿನಲ್ಲಿ, ಸೇನೆಯಲ್ಲಿ ಒಬ್ಬರಾದರೂ ಇರುವ ಕುಟುಂಬಗಳ ನಡುವೆ, ಸೈನಿಕನಿಗೆ ಸಿಗುವ ಬೂಟು, ಟೆಂಟು, ಊಟದ ಗುಣಮಟ್ಟ ದೂರದ ವಿಷಯವಲ್ಲ. ನಮ್ಮ ದೇಶದ ದಾಖಲೆಯೂ ಇದರಿಂದ ಮುಕ್ತವಾಗಿಲ್ಲ. 1948ರಲ್ಲಿ ಕಾಶ್ಮೀರದ ಯುದ್ಧಕ್ಕೆಂದು ವಿದೇಶದಿಂದ ಜೀಪುಗಳನ್ನು ಕೊಳ್ಳಲು ನಿಯಮಗಳನ್ನು ಬದಿಗಿಟ್ಟು ಮಾಡಿಕೊಂಡ ಒಪ್ಪಂದ ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವಾಯಿತು, ಮತ್ತು ಸರ್ಕಾರ 1955ರಲ್ಲಿ ಆ ಪ್ರಕರಣವನ್ನು ಮುಚ್ಚಿತು. 1999ರ ಕಾರ್ಗಿಲ್ ಯುದ್ಧದ ತುರ್ತು ಖರೀದಿಗಳನ್ನು ಪರಿಶೀಲಿಸಿ 2001ರಲ್ಲಿ ಬಂದ ಸಿಎಜಿ ವರದಿ, ತುರ್ತಿನ ಹೆಸರಿನಲ್ಲಿ ವಿನಾಯಿತಿ ಪಡೆದು ಕೊಂಡ ಸಾಮಗ್ರಿಯಲ್ಲಿ ಬಹುಪಾಲು ಜುಲೈನಲ್ಲಿ ಹೋರಾಟ ನಿಂತ ಮೇಲೆ ಬಂದು ಸೇರಿತು ಎಂದು ಹೇಳಿತು. ತಮ್ಮ ಪತ್ರಕ್ಕೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ. ಅದೇ ವರದಿಯಿಂದ ಹೊರಬಂದ ಶವಪೆಟ್ಟಿಗೆ ಪ್ರಕರಣದಲ್ಲಿ, ತಲಾ 2,500 ಡಾಲರಿನಂತೆ 500 ಪೆಟ್ಟಿಗೆಗಳ ಖರೀದಿಯ ಮೇಲೆ ಸಿಬಿಐ ಆರೋಪಪಟ್ಟಿ ಸಲ್ಲಿಸಿತಾದರೂ, 2013ರಲ್ಲಿ ವಿಶೇಷ ನ್ಯಾಯಾಲಯ ಆರೋಪಿ ಅಧಿಕಾರಿಗಳನ್ನು ಪ್ರಕರಣದಿಂದ ಬಿಡುಗಡೆ ಮಾಡಿತು. ಲೆಕ್ಕಪರಿಶೋಧನೆಯ ಆಕ್ಷೇಪ ಅಪರಾಧದ ಸಾಬೀತಲ್ಲ ಎಂಬುದನ್ನು ಈ ಪತ್ರಿಕೆಯೂ ಮರೆಯಬಾರದು. ಖರೀದಿಯ ಹೊತ್ತಿನಲ್ಲೇ ದರ ಮತ್ತು ಅಗತ್ಯದ ಟಿಪ್ಪಣಿ ಸರಿಯಾಗಿ ದಾಖಲಾಗಿದ್ದರೆ ಪ್ರಾಮಾಣಿಕ ಅಧಿಕಾರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳಂಕ ಹೊರಬೇಕಾಗುವುದಿಲ್ಲ. ಮೇಲ್ವಿಚಾರಣೆ ಅವನಿಗೂ ರಕ್ಷಣೆಯೇ.

ಗಲ್ವಾನ್ ಘರ್ಷಣೆಯ ನಂತರ, 2020ರ ಜುಲೈನಲ್ಲಿ, 300 ಕೋಟಿ ರೂಪಾಯಿವರೆಗಿನ ತುರ್ತು ಖರೀದಿಯ ಅಧಿಕಾರವನ್ನು ಸೇನಾಪಡೆಗಳಿಗೇ ಕೊಡಲಾಯಿತು. ಅದು ಬೇಕಾಗಿದ್ದ ಕ್ರಮವೆಂದೇ ನನ್ನ ಅಭಿಪ್ರಾಯ. ಆದರೆ ಅಧಿಕಾರದ ಜೊತೆಗೆ ಹೋಗಬೇಕಾದ ರಕ್ಷಣೆ ನಮ್ಮಲ್ಲಿ ದುರ್ಬಲವಾಗಿದೆ: ಅಕ್ರಮವನ್ನು ಬಯಲಿಗೆಳೆಯುವವರನ್ನು ಕಾಪಾಡುವ ಕಾಯ್ದೆಗೆ 2014ರಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದರೂ, ವರ್ಷಗಳು ಕಳೆದರೂ ಅದನ್ನು ಜಾರಿಗೆ ತಂದಿಲ್ಲ. ಯುದ್ಧವಲ್ಲದ ತುರ್ತಿನಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. ಕರ್ನಾಟಕದ 1999ರ ಪಾರದರ್ಶಕ ಖರೀದಿ ಕಾಯ್ದೆ ನೈಸರ್ಗಿಕ ವಿಕೋಪದ ಅವಧಿಯಲ್ಲಿ ಟೆಂಡರ್ ಇಲ್ಲದೆ ಕೊಳ್ಳಲು ಅವಕಾಶ ಕೊಡುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದಾಗ ಜೆಸಿಬಿ ತರಿಸಲು ಟೆಂಡರ್ ಕಾಯುವುದು ಸಾಧ್ಯವಿರಲಿಲ್ಲ ಎಂಬುದನ್ನು ಇಲ್ಲಿ ಎಲ್ಲರೂ ಬಲ್ಲರು. ಆ ವಿನಾಯಿತಿ ಯಾವ ದಿನಾಂಕಕ್ಕೆ ಕೊನೆಯಾಗುತ್ತದೆ, ಆದ ಕೆಲಸವನ್ನು ಅಳತೆ ಪುಸ್ತಕದಲ್ಲಿ ಬರೆಯುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಗುತ್ತಿಗೆ ಕೊಡುವ ದಿನವೇ ಕೇಳಬೇಕು. ಯುದ್ಧದ ಗುತ್ತಿಗೆಗೂ ನಾನು ಇದಕ್ಕಿಂತ ಹೆಚ್ಚೇನನ್ನೂ ಕೇಳುತ್ತಿಲ್ಲ.

ತಮ್ಮ ಪತ್ರದ ಮೂರನೆಯ ಪುಟದಲ್ಲಿ, ಫೀಲ್ಡ್ ಏರಿಯಾದ ಡಿಪೋಗೆ ಬಂದ ಸಾಮಾನನ್ನು ತೂಗಿ, ಮಾದರಿ ತೆಗೆದು, ಸರಿಯಿಲ್ಲದ್ದನ್ನು ಹಿಂದಕ್ಕೆ ಕಳಿಸುತ್ತಿದ್ದ ಕ್ರಮವನ್ನು ಚಿಕ್ಕದಾಗಿ ಬರೆದಿದ್ದೀರಿ. ಗೋಪ್ಯತೆಗೆ ಧಕ್ಕೆ ಬಾರದಷ್ಟು ಮಟ್ಟಿಗೆ ಅದನ್ನೇ ವಿಸ್ತರಿಸಿ, ಗುತ್ತಿಗೆದಾರರೊಂದಿಗೆ ವಾದ ಬಂದಾಗ ಅಂತಿಮ ಮಾತು ಯಾರದಾಗಿರುತ್ತಿತ್ತು ಎಂಬುದನ್ನೂ ಸೇರಿಸಿ ಒಂದು ಲೇಖನ ಬರೆದುಕೊಡಬೇಕೆಂದು ಕೋರುತ್ತೇನೆ. ತಿಂಗಳ 20ನೇ ತಾರೀಕಿನೊಳಗೆ ಕೈಸೇರಿದರೆ ಮುಂದಿನ ಸಂಚಿಕೆಯಲ್ಲೇ ಪ್ರಕಟಿಸುತ್ತೇವೆ.

ಸಂಪಾದಕ
ಮಡಿಕೇರಿ