ಪ್ರತಿಕ್ರಿಯೆ: ಕಿಮ್ ದುಕ್-ಕೂ ಅನನುಭವಿಯೇ?

ಕೊರಿಯಾದ ಬಾಕ್ಸರ್ ಕಿಮ್ ದುಕ್-ಕೂ ಹವ್ಯಾಸಿ ಅನುಭವವೇ ಇಲ್ಲದೆ ಅಮೆರಿಕದ ವಿಶ್ವ ಚಾಂಪಿಯನ್ ರೇ ಮ್ಯಾನ್ಸಿನಿಯ ಎದುರು ನಿಂತನೇ ಎಂದು ಕೇಳಿದ್ದೀರಿ. ಇಲ್ಲ. ಹವ್ಯಾಸಿಯಾಗಿ 29 ಪಂದ್ಯ ಗೆದ್ದು 4 ಸೋತ ಮೇಲೆಯೇ, 1978ರಲ್ಲಿ, ಅವನು ವೃತ್ತಿಪರನಾದದ್ದು. 1982ರ ಫೆಬ್ರವರಿಯಲ್ಲಿ ಕಿಮ್ ಕ್ವಾಂಗ್-ಮಿನ್‌ನನ್ನು ಸೋಲಿಸಿ ಪ್ರಾಚ್ಯ ಮತ್ತು ಪೆಸಿಫಿಕ್ ವಲಯದ ಲೈಟ್‌ವೇಟ್ ಪಟ್ಟವನ್ನೂ ಪಡೆದಿದ್ದ. ಅಮೆರಿಕದವರು ಅವನ ಆಟ ನೋಡಿರಲಿಲ್ಲ, ಅಷ್ಟೇ; ಮ್ಯಾನ್ಸಿನಿಯೊಂದಿಗಿನ ಪಂದ್ಯಕ್ಕೂ ಮುನ್ನ ಕೊರಿಯಾದ ಹೊರಗೆ ಅವನು ಆಡಿದ್ದು ಒಮ್ಮೆ ಮಾತ್ರ, ಫಿಲಿಪ್ಪೀನ್ಸ್‌ನಲ್ಲಿ.

ನನ್ನನ್ನು ಕೇಳಿದರೆ, ಚಿಂತೆಯ ವಿಷಯ ಅನುಭವವಲ್ಲ, ತೂಕ. ಲೈಟ್‌ವೇಟ್ ವರ್ಗದ 61.2 ಕಿಲೋ ಮಿತಿಗೆ ಇಳಿಯಲು ಕೊನೆಯ ಗಳಿಗೆಯಲ್ಲಿ ಮೈ ಕರಗಿಸಿ, ಅದೇ 1982ರ ನವೆಂಬರ್ 13ರಂದು ಲಾಸ್ ವೇಗಸ್‌ನ ಬಯಲು ಅಂಕಣಕ್ಕೆ ಇಳಿದ. ಮೊದಲ ಸುತ್ತುಗಳಲ್ಲಿ ಸರಿಸಮನಾಗಿ ಕಾದಾಡಿದ. ಹದಿನಾಲ್ಕನೆಯ ಸುತ್ತು ಶುರುವಾಗಿ 19 ಸೆಕೆಂಡಿಗೆ ರೆಫರಿ ಪಂದ್ಯ ನಿಲ್ಲಿಸಿದರು. ಮಿದುಳಿನ ಶಸ್ತ್ರಚಿಕಿತ್ಸೆಯಾದರೂ ಕೆಲವೇ ದಿನಗಳಲ್ಲಿ ತೀರಿಕೊಂಡ.

ವಿಶ್ವ ಪಟ್ಟದ ಪಂದ್ಯಗಳಲ್ಲಿ ಹದಿನೈದು ಸುತ್ತು ಹನ್ನೆರಡಾದದ್ದು ಇವನಿಂದಲೇ ಎಂಬುದು ಬಹುಮಟ್ಟಿಗೆ ನಿಜ. ಆದರೆ ಮೊದಲು ಇಳಿಸಿದ್ದು ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ). ಅವನು ಕಾದಾಡಿದ್ದು ಇನ್ನೊಂದು ಸಂಸ್ಥೆಯಾದ ಡಬ್ಲ್ಯುಬಿಎಯ (ವಿಶ್ವ ಬಾಕ್ಸಿಂಗ್ ಸಂಘ) ಪಟ್ಟಕ್ಕೆ. ಅದಕ್ಕೆ ಬುದ್ಧಿ ಬರಲು 1987 ಆಗಬೇಕಾಯಿತು!