ಬಟ್ಟೆ ಗೋಣಿ ಬೇಡ, ರಾತ್ರಿ ಪಾಳಿಗೆ ಜನ ಬೇಕು

ಬ್ರಹ್ಮಾವರ ಕಡೆಯ ಓದುಗರೊಬ್ಬರ ಪತ್ರ: “ಹೊಳೆ ಉಕ್ಕಿದ ದಿನ ನಾವು ಆರು ಮಂದಿ ಗೆಳೆಯರು ನಾಲ್ಕು ಗೋಣಿ ಹಳೆ ಬಟ್ಟೆ ಹೊತ್ತುಕೊಂಡು ನೆರೆಗೆ ಮನೆ ಬಿಟ್ಟವರಿಗಾಗಿ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಹೋದೆವು. ‘ಈಗ ಬೇಡ’ ಎಂದು ವಾಪಸು ಕಳಿಸಿದರು. ಸೇವೆಗೆ ಬಂದವರನ್ನು ಹೀಗೆ ನಡೆಸಿಕೊಳ್ಳುವುದೇ? ಇನ್ನೊಮ್ಮೆ ಹೋದರೆ ಏನು ಮಾಡಬೇಕು?”

ಸಂಪಾದಕರು: ಬೇಸರವಾಗಿರುತ್ತದೆ, ನಿಜ. ಆದರೆ ಬೇಡ ಎಂದವರದು ತಪ್ಪಲ್ಲ. ಮಳೆಗಾಲದಲ್ಲಿ ಗೋಣಿಯೊಳಗಿನ ಬಟ್ಟೆ ಎರಡು ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ವಿಂಗಡಿಸಲು ಜನ ಬೇಕು, ಇಡಲು ಕೋಣೆ ಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಲೆಕ್ಕದಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ. ಅಂದರೆ 20 ಅಡಿಗೆ 20 ಅಡಿಯ ತರಗತಿಯಲ್ಲಿ ಹತ್ತೇ ಮಂದಿ; ಅಂಥ ಕೋಣೆಯಲ್ಲಿ ಗೋಣಿ ಪೇರಿಸಲು ಎಲ್ಲಿ ಸಾಧ್ಯ? ಕೊಡುವುದಾದರೆ ಹೊಸ ಒಳಉಡುಪು, ನೈಟಿ, ಬೈರಾಸು (ಟವೆಲ್), ಸ್ಯಾನಿಟರಿ ಪ್ಯಾಡ್, ಪ್ಲಾಸ್ಟಿಕ್ ಚಾಪೆ ಕೊಡಿ. ಅದನ್ನೂ ಕೇಂದ್ರದ ನೋಡಲ್ ಅಧಿಕಾರಿಯನ್ನು ಕೇಳಿಕೊಂಡೇ ತನ್ನಿ. ಅವರು ಯಾರೆಂದು ತಿಳಿಯದಿದ್ದರೆ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ.

ಆರು ಮಂದಿಯೂ ಒಟ್ಟಿಗೆ ಬೆಳಿಗ್ಗೆ ಹೋಗಬೇಡಿ. ಹಗಲಿಗೆ ಯುವಕ ಮಂಡಲದವರು, ಸಂಘದವರು, ಫೋಟೋದವರು ಬೇಕಾದಷ್ಟಿರುತ್ತಾರೆ. ರಾತ್ರಿ ಹತ್ತು ದಾಟಿದರೆ ಹೆಚ್ಚಿನ ಕಡೆ ಉಗ್ರಾಣಿ (ಗ್ರಾಮ ಸಹಾಯಕ) ಒಬ್ಬರೇ. ಕರೆಂಟು ಹೋಗುವುದು, ಶೌಚಾಲಯದ ದಾರಿ ಕತ್ತಲಾಗುವುದು, ಹಾವು ಜಗಲಿ ಹತ್ತುವುದು, ಅಜ್ಜಿಯ ಬಿಪಿ ಮಾತ್ರೆ ಕಾಣೆಯಾಗುವುದು ಎಲ್ಲ ಆಗಲೇ. ಪಾಳಿಗೆ ಇಬ್ಬರಂತೆ ಹಂಚಿಕೊಳ್ಳಿ. ರಾತ್ರಿಗೆ ಒಬ್ಬ ಹೆಂಗಸು ಇರಲೇಬೇಕು.

ಬರೆಯಲು ಬರುವವರು ರಿಜಿಸ್ಟರ್ ಹಿಡಿಯಿರಿ. ಹೆಸರು, ವಯಸ್ಸು ಮಾತ್ರ ಸಾಲದು. ತಪ್ಪದೆ ತಿನ್ನುವ ಮಾತ್ರೆ, ಬಸುರಿ ಬಾಣಂತಿ, ಎದೆಹಾಲಿನ ಮಗು, ಮನೆಯಲ್ಲಿ ಬಿಟ್ಟುಬಂದ ದನ, ಕೇಂದ್ರ ಬಿಟ್ಟು ಹೋದ ಸಮಯ, ಇವಕ್ಕೂ ಒಂದೊಂದು ಕಾಲಂ ಇರಲಿ. ಹೋದವರ ಹೆಸರು ಹೊಡೆಯದಿದ್ದರೆ ಊಟದ ಲೆಕ್ಕ ಮೊದಲ ರಾತ್ರಿಯೇ ತಪ್ಪುತ್ತದೆ.

ಹೆಚ್ಚು ಎಡವುವುದು ನೀರಿನಲ್ಲಿ. 1000 ಲೀಟರ್ ತಿಳಿ ನೀರಿಗೆ 2.5 ಗ್ರಾಂ, ಅಂದಾಜು ಅರ್ಧ ಟೀ ಚಮಚ, ಬ್ಲೀಚಿಂಗ್ ಪೌಡರ್ ಸಾಕು. ನೇರ ಟ್ಯಾಂಕಿಗೆ ಸುರಿಯಬೇಡಿ. ಮೊದಲು ಸ್ವಲ್ಪ ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಕೆಟ್ ನೀರಿಗೆ ಬೆರೆಸಿ ಹತ್ತು ನಿಮಿಷ ಬಿಡಿ. ಪೌಡರಿನಲ್ಲಿರುವ ಸುಣ್ಣ ತಳ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹೊಯ್ದು ಒಂದು ಗಂಟೆ ಕಾದ ಮೇಲೆ ಕುಡಿಯಲು ಕೊಡಿ. ನೆರೆ ನುಗ್ಗಿದ ಬಾವಿಯ ಕೆಂಪು ನೀರಿಗೆ ಈ ಅಳತೆ ಸಾಲದು, ಕೆಸರೇ ಕ್ಲೋರಿನ್ ನುಂಗುತ್ತದೆ. ಅದನ್ನು ಮೊದಲು ತಿಳಿಯಾಗಲು ಬಿಡಿ, ಎಷ್ಟು ಹಾಕಬೇಕೆಂದು ಆರೋಗ್ಯ ಇಲಾಖೆಯವರು ಪರೀಕ್ಷಿಸಿ ಹೇಳಲಿ. ಬಾಯಿ ತೆರೆದಿಟ್ಟ ಪೌಡರಿಗೆ ಈ ಥಂಡಿಯಲ್ಲಿ ಬಲವಿರುವುದಿಲ್ಲ. ಮೂಗಿಗೆ ಖಾರ ಹೊಡೆಯದಿದ್ದರೆ ಎಸೆಯಿರಿ.

ಅಡುಗೆಯ ಕಡೆ ಒಂದೇ ಮಾತು: ಬೆಳ್ತಿಗೆ (ಬಿಳಿ ಅಕ್ಕಿ) ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ, ಒಪ್ಪಿದೆ. ಆದರೂ ರಾತ್ರಿಗೆ ನಮ್ಮವರಿಗೆ ರೂಢಿಯಾದ ಕುಚ್ಚಲಕ್ಕಿ ಗಂಜಿಯೇ ಇರಲಿ. 100 ಮಂದಿಗೆ 8–10 ಕಿಲೋ ಅಕ್ಕಿ, ಜೊತೆಗೆ ಉಪ್ಪಿನಕಾಯಿ.

ನೀರು ಇಳಿದ ಮೇಲೆ ಮನೆ ತೊಳೆಯಲು ಹೋಗುವಿರಾದರೆ ಗಮ್‌ಬೂಟು, ಕೈಗವಸು ಬೇಕು. ಕಾಲಿನ ಗಾಯ ಮುಚ್ಚಿರಬೇಕು. ಇಲಿ ಮೂತ್ರ ಬೆರೆತ ಕೆಸರು ನೀರು ಗಾಯಕ್ಕೆ ತಾಗಿ ಬರುವ ಇಲಿ ಜ್ವರ ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಮುಂಜಾಗ್ರತೆಯ ಮಾತ್ರೆ ಬೇಕೋ ಬೇಡವೋ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಮೆಡಿಕಲ್ಲಿನಲ್ಲಲ್ಲ. ಆಮೇಲೆ ಜ್ವರ ಬಂದರೆ, ಕೆಸರಿಗೆ ಇಳಿದಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಆ ನಾಲ್ಕು ಗೋಣಿ ಇನ್ನೂ ಮನೆಯಲ್ಲಿದ್ದರೆ ಹತ್ತಿ ಬಟ್ಟೆ ಆರಿಸಿ ಒಂದೊಂದು ಮೊಳ ಕತ್ತರಿಸಿಡಿ. ಕೆಸರು ಮೆತ್ತಿದ ಮನೆ ಒರೆಸಲು ಎಷ್ಟಿದ್ದರೂ ಸಾಲುವುದಿಲ್ಲ.