ಹೆಡ್‌ಲೈಟು ಮಂಕಾದರೆ ಮೊದಲು ಬಲ್ಬಿಗೆ ಕೈ ಹಾಕಬೇಡಿ

ಗಾಡಿ–ಗ್ಯಾರೇಜು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 1994ರ ಮಹೀಂದ್ರ ಎಂಎಂ 540 ಜೀಪು, ತೋಟದ ಕೆಲಸಕ್ಕೆ ಇದೆ. ರಾತ್ರಿ ಹೆಡ್‌ಲೈಟ್ ಹಾಕಿದರೆ ಲಾಟೀನು ಹಚ್ಚಿದ ಹಾಗೆ ಹಳದಿ ಬೆಳಕು. 100/90 ವ್ಯಾಟಿನ ಬಲ್ಬ್ ಹಾಕಿಸಿ, ಸರಿಹೋಗುತ್ತೆ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಹಾಕಿಸಬಹುದಾ? — ಓದುಗರು, ಮೂಡಿಗೆರೆ

ಉತ್ತರ: ಬೇಡ. ಇಷ್ಟು ಹಳೆಯ ಜೀಪಿನಲ್ಲಿ ಬೆಳಕು ಹಳದಿಯಾಗಿದೆ ಅಂದರೆ ಸಾಮಾನ್ಯವಾಗಿ ತಪ್ಪು ಬಲ್ಬಿನದಲ್ಲ, ಬಲ್ಬಿಗೆ ಪೂರ್ತಿ ವೋಲ್ಟೇಜ್ ತಲುಪುತ್ತಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ಪರ್ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಕ್ಕೆ ಗ್ರಿಲ್ಲಿನ ತನಕ ಬರಬೇಕು. ತೆಳು ವೈರು, ಕಪ್ಪುಹಿಡಿದ ಕಾಂಟ್ಯಾಕ್ಟು, ತುಕ್ಕು ಹಿಡಿದ ಅರ್ತ್ ಎಲ್ಲ ಸೇರಿ ದಾರಿಯಲ್ಲೇ ಒಂದೂವರೆ ಎರಡು ವೋಲ್ಟ್ ತಿಂದುಹಾಕುತ್ತವೆ. ಬೆಳಕು ವೋಲ್ಟೇಜಿನಷ್ಟೇ ಪ್ರಮಾಣದಲ್ಲಿ ಇಳಿದಿದ್ದರೆ ಚಿಂತೆಯಿರಲಿಲ್ಲ. ಹ್ಯಾಲೊಜನ್ ಬಲ್ಬಿಗೆ 13.5 ವೋಲ್ಟಿನ ಬದಲು 12 ಸಿಕ್ಕಿದರೆ ಬೆಳಕಿನಲ್ಲಿ ಮೂರನೇ ಒಂದು ಪಾಲು ಹೋಗುತ್ತದೆ, 11.5 ಸಿಕ್ಕಿದರೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ.

ಇದನ್ನು ಅಳೆಯಲು ಒಂದು ಸಾದಾ ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಇಟ್ಟು ಡಿಪ್ ಲೈಟ್ ಹಾಕಿ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ಕಡ್ಡಿಯನ್ನು ಬಲ್ಬಿನ ಹೋಲ್ಡರ್ ಹಿಂದೆ ಡಿಪ್ ಪಿನ್ನಿಗೆ ಮುಟ್ಟಿಸಿ. ಹೋಲ್ಡರ್ ಬಿಚ್ಚಬಾರದು, ಬಲ್ಬ್ ಉರಿಯುತ್ತಲೇ ಇರಬೇಕು. ಮೀಟರಿನಲ್ಲಿ ಕಾಣುವುದೇ ಪ್ಲಸ್ ದಾರಿಯಲ್ಲಿ ಆಗುವ ನಷ್ಟ. ಹಾಗೆಯೇ ಬಲ್ಬಿನ ಅರ್ತ್ ಪಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ಹಿಡಿದು ನೋಡಿ. ಎರಡೂ ಸೇರಿ ಅರ್ಧ ವೋಲ್ಟ್ ದಾಟಿದರೆ ವೈರಿಂಗಿಗೆ ಕೆಲಸವಿದೆ. ಬ್ರೈಟ್ ಹಾಕಿದಾಗ ಪಾರ್ಕಿಂಗ್ ಲೈಟೋ ಇಂಡಿಕೇಟರೋ ಮಿಣಿಮಿಣಿ ಅಂದರೆ ಮೀಟರೂ ಬೇಡ, ಅರ್ತ್ ಹೋಗಿದೆ ಅಂತಲೇ ಲೆಕ್ಕ.

ಈ ಸ್ಥಿತಿಯಲ್ಲಿ 100/90 ಹಾಕಿದರೆ ಏನಾಗುತ್ತದೆ? ಈಗಿನ 60/55ರಲ್ಲಿ (ಬ್ರೈಟ್ 60, ಡಿಪ್ 55 ವ್ಯಾಟ್) ಬ್ರೈಟಿಗೆ ಎರಡೂ ಬಲ್ಬ್ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನವು ಹತ್ತಿರ ಹತ್ತಿರ 17 ಆಂಪಿಯರ್ ಎಳೆಯುತ್ತವೆ. ಅದೇ ತೆಳು ವೈರಿನಲ್ಲಿ ಕರೆಂಟ್ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಕೊನೆಗೆ ಸಿಗುವ ಬೆಳಕು ಅಲ್ಪ, ಬಿಸಿ ಮಾತ್ರ ಧಾರಾಳ. ಮೊದಲು ಹೋಲ್ಡರಿನ ಪ್ಲಾಸ್ಟಿಕ್ ಕರಗುತ್ತದೆ, ಆಮೇಲೆ ಡಿಪ್ಪರ್ ಸ್ವಿಚ್, ಡೂಮಿನೊಳಗಿನ (ಬಲ್ಬ್ ಕೂರುವ ದುಂಡು ಗಾಜಿನ ಲೈಟಿನೊಳಗಿನ) ರಿಫ್ಲೆಕ್ಟರ್ ಕಂದಿ ಸಿಪ್ಪೆ ಏಳುತ್ತದೆ. ಗಾಡಿಯ ಮೂಲ ಸ್ವರೂಪ ಬದಲಿಸಬಾರದೆಂಬ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ.

ಮಾಡಿಸಬೇಕಾದ್ದು ರಿಲೇ ವೈರಿಂಗ್. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಡಿಪ್ಪಿಗೊಂದು, ಬ್ರೈಟಿಗೊಂದು, 12 ವೋಲ್ಟ್ 30 ಅಥವಾ 40 ಆಂಪಿಯರಿನ ನಾಲ್ಕು ಪಿನ್ನಿನ ರಿಲೇ ತನ್ನಿ. ಬ್ಯಾಟರಿ ಪ್ಲಸ್‌ನಿಂದ 4 ಚದರ ಮಿಲಿಮೀಟರಿನ ವೈರು ಹೊರಡಿಸಿ, ಒಂದು ಗೇಣಿನೊಳಗೇ 30 ಆಂಪಿಯರ್ ಮೇನ್ ಫ್ಯೂಸ್ ಕೊಟ್ಟು, ಎರಡೂ ರಿಲೇಯ 30 ಎಂಬ ನಂಬರಿನ ಪಿನ್ನಿಗೆ ಕೊಡಿ. 87ರಿಂದ ಹೊರಬರುವ ಲೈನನ್ನು ಎರಡು ಕವಲು ಮಾಡಿ ಎಡಕ್ಕೊಂದು, ಬಲಕ್ಕೊಂದು 10 ಆಂಪಿಯರ್ ಫ್ಯೂಸಿನ ಮೂಲಕ 2.5 ಚದರ ಮಿಲಿಮೀಟರ್ ವೈರಿನಲ್ಲಿ ಬಲ್ಬಿಗೆ ಎಳೆಯಿರಿ. ಒಟ್ಟು ನಾಲ್ಕು ಸಣ್ಣ ಫ್ಯೂಸ್ ಆಯಿತು. ದುಂದು ಅನ್ನಿಸಬಹುದು, ಆದರೆ ಚಾರ್ಮಾಡಿಯ ತಿರುವಿನಲ್ಲಿ ಒಂದು ವೈರು ಉಜ್ಜಿ ಶಾರ್ಟ್ ಆದಾಗ ಎರಡೂ ಲೈಟು ಒಟ್ಟಿಗೆ ಹೋಗಬಾರದಲ್ಲ. ಹಳೆಯ ಹೋಲ್ಡರಿಗೆ ಬರುತ್ತಿದ್ದ ಡಿಪ್ ವೈರು, ಬ್ರೈಟ್ ವೈರು ಈಗ ಆಯಾ ರಿಲೇಯ 86ಕ್ಕೆ ಹೋಗಲಿ, 85 ಅರ್ತ್‌ಗೆ. ಇದಕ್ಕೆ ಒಂದು ಬದಿಯ ಹೋಲ್ಡರ್ ಸಾಕು, ಇನ್ನೊಂದು ಬದಿಯ ಹಳೆಯ ತುದಿಗಳನ್ನು ಟೇಪು ಸುತ್ತಿ ಕಟ್ಟಿಡಿ. ಇನ್ನು ಸ್ವಿಚ್ಚಿನ ಮೂಲಕ ಹರಿಯುವುದು ರಿಲೇ ಕಾಯಿಲಿಗೆ ಬೇಕಾದ ಕಾಲು ಆಂಪಿಯರಿಗೂ ಕಡಿಮೆ ಕರೆಂಟು. ಹಳೇ ಸ್ವಿಚ್ಚೇ ಇನ್ನೂ ಬಹಳ ಕಾಲ ಬಾಳುತ್ತದೆ.

ಅರ್ತ್ ಮರೆತರೆ ಇಷ್ಟೆಲ್ಲ ದಂಡ. ಪ್ರತಿ ಲೈಟಿನ ಅರ್ತ್ ಪಿನ್ನಿನಿಂದಲೂ 2.5ರದ್ದೇ ವೈರನ್ನು ನೇರ ಬ್ಯಾಟರಿ ಮೈನಸ್ ತನಕ ತನ್ನಿ. ಗ್ರಿಲ್ಲಿನ ಬೋಲ್ಟಿಗೆ ಸಿಕ್ಕಿಸಿ ಬಿಡುವ ಅಭ್ಯಾಸವೇ ಅರ್ಧ ಜೀಪುಗಳ ಕಾಯಿಲೆ. ಲಗ್‌ಗಳನ್ನು ಕ್ರಿಂಪ್ ಮಾಡಿಸಿ, ಬರೀ ತಿರುಚಿ ಟೇಪು ಸುತ್ತಿದ್ದನ್ನು ಒಪ್ಪಬೇಡಿ. ಅಂಗಡಿಯಲ್ಲಿ ಐದು ಪಿನ್ನಿನ ರಿಲೇ ಕೊಟ್ಟರೆ ನಡುವಿನ ಪಿನ್ನಿನ ನಂಬರ್ ನೋಡಿ: 87ಎ ಎಂದಿದ್ದರೆ ಅಲ್ಲಿ ಸ್ವಿಚ್ ಆರಿಸಿದಾಗಲೇ ಕರೆಂಟ್ ಬರುತ್ತದೆ. ಅದಕ್ಕೆ ವೈರು ಕೊಟ್ಟು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿರುವ ಗಾಡಿಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ.

ಇಷ್ಟಾದ ಮೇಲೆ ಡೂಮ್ ನೋಡಿ. ರಿಫ್ಲೆಕ್ಟರ್ ಕನ್ನಡಿಯಂತೆ ಹೊಳೆಯದಿದ್ದರೆ ಜೋಡಿಯನ್ನೇ ಬದಲಿಸಿ. ಬಟ್ಟೆಯಲ್ಲಿ ಉಜ್ಜಲು ಹೋಗಬೇಡಿ, ಲೇಪನ ಕೈಗೇ ಬರುತ್ತದೆ. ಏಳಿಂಚಿನ ದುಂಡು ಡೂಮ್ ಸುಲಭವಾಗಿ ಸಿಗುತ್ತದೆ. ಬಲ್ಬ್ ಕೊಳ್ಳುವಾಗ ಪಿ43ಟಿ ಬೇಕೋ ಪಿ45ಟಿ ಬೇಕೋ ಕೇಳಿ ತನ್ನಿ: ಇವು ಬಲ್ಬಿನ ಬುಡದ ನಮೂನೆಗಳು, ಎರಡರ ಕಾಲರ್ ಬೇರೆ. ತಪ್ಪಿದ್ದನ್ನು ಒತ್ತಿ ಕೂರಿಸಿದರೆ ಫಿಲಮೆಂಟ್ ಜಾಗ ತಪ್ಪಿ ಬೆಳಕು ಆಕಾಶಕ್ಕೆ ಹೋಗುತ್ತದೆ. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ.

ಪ್ರಶ್ನೆ: ಜಿಪ್ಸಿಗೂ ಇದೇ ರಿಲೇ ಕಿಟ್ ಹಾಕಿಸಿದೆವು. ಲೈಟೇ ಹತ್ತುವುದಿಲ್ಲ. ಕಿಟ್ ಕೆಟ್ಟಿದೆಯಾ? — ಓದುಗರು, ಸೋಮವಾರಪೇಟೆ

ಉತ್ತರ: ಕಿಟ್ ಸರಿಯಾಗೇ ಇರಬಹುದು. ಸುಜುಕಿ ಮೂಲದ ಈ ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ತ್ ಬದಿಯಲ್ಲಿ. ಅಂದರೆ ಬಲ್ಬಿಗೆ ಪ್ಲಸ್ ಮೊದಲೇ ಬಂದು ನಿಂತಿರುತ್ತದೆ, ಸ್ವಿಚ್ ಮೈನಸ್ ಅನ್ನು ಜೋಡಿಸುತ್ತದೆ. ಖಾತ್ರಿ ಮಾಡಿಕೊಳ್ಳಲು ಲೈಟ್ ಆರಿಸಿ, ಹೋಲ್ಡರ್ ಬಿಚ್ಚಿ, ಒಂದೊಂದೇ ಪಿನ್ನಿನಿಂದ ಬಾಡಿಗೆ ಮೀಟರ್ ಹಿಡಿಯಿರಿ. ಆರಿಸಿರುವಾಗಲೂ ಒಂದು ಪಿನ್ 12 ವೋಲ್ಟ್ ತೋರಿಸಿದರೆ ಅದೇ ಕಥೆ. ಆಗ ರಿಲೇಯ 86ಕ್ಕೆ ಆ ಪ್ಲಸ್ ಕೊಡಿ, 85ಕ್ಕೆ ಸ್ವಿಚ್ಚಿನಿಂದ ಬರುವ ಡಿಪ್ ಅಥವಾ ಬ್ರೈಟ್ ವೈರು ಕೊಡಿ. 30, 87ರ ಕೆಲಸ ಮೇಲೆ ಹೇಳಿದಂತೆಯೇ. ಬಲ್ಬಿನ ಮೂರನೇ ಪಿನ್ ಇನ್ನು ನೇರ ಅರ್ತ್‌ಗೆ ಹೋಗಬೇಕು. ಹಳೆಯ ಪ್ಲಸ್ ಅದರ ಹತ್ತಿರ ಸುಳಿಯಬಾರದು. ಕೆಲಸ ಮುಗಿದ ಮೇಲೆ ಮೀಟರ್ ಬೋರ್ಡಿನ ನೀಲಿ ಬ್ರೈಟ್ ಸೂಚಕ ಸರಿಯಾಗಿ ಹತ್ತಿ ಆರುತ್ತದೆಯೇ ನೋಡಿಕೊಳ್ಳಿ.

ಪ್ರಶ್ನೆ: ಹ್ಯಾಲೊಜನ್ ತೆಗೆದು ಅದೇ ಡೂಮಿಗೆ ಎಲ್‌ಇಡಿ ಬಲ್ಬ್ ಹಾಕಿದರೆ ಕರೆಂಟೂ ಉಳಿಯುತ್ತೆ, ಬೆಳಕೂ ಜಾಸ್ತಿ ಅಲ್ಲವೆ? — ಓದುಗರು, ಸಕಲೇಶಪುರ

ಉತ್ತರ: ಕರೆಂಟ್ ಉಳಿಯುವುದು ನಿಜ. ಬೆಳಕು ಜಾಸ್ತಿ ಬೀಳುವುದು ಎದುರಿನವರ ಕಣ್ಣಿಗೆ. ಹ್ಯಾಲೊಜನ್ ಬಲ್ಬಿನಲ್ಲಿ ಡಿಪ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿರುತ್ತದೆ. ಬೆಳಕಿನ ಮೇಲಂಚನ್ನು ಗೆರೆ ಎಳೆದಂತೆ ಕತ್ತರಿಸುವುದು ಅದೇ, ಡೂಮನ್ನು ರೂಪಿಸಿರುವುದೂ ಆ ಫಿಲಮೆಂಟಿನ ಜಾಗಕ್ಕೆ. ಎಲ್‌ಇಡಿ ಚಿಪ್ ಅಷ್ಟೇ ಸಣ್ಣ ಜಾಗದಲ್ಲಿ ಅದೇ ಕೋನದಲ್ಲಿ ಕೂರುವುದು ಅಪರೂಪ. ಬಾನೆಟ್ ಮುಂದೆ ಹತ್ತು ಅಡಿ ಬೆಳ್ಳಗೆ ಕಾಣುವುದರಿಂದ ಚಾಲಕನಿಗೆ ಖುಷಿ. ಆದರೆ ದೂರದ ರಸ್ತೆ ಇನ್ನಷ್ಟು ಕಪ್ಪಾಗುತ್ತದೆ, ಯಾಕೆಂದರೆ ಕಣ್ಣು ಹತ್ತಿರದ ಬೆಳಕಿಗೇ ಹೊಂದಿಕೊಂಡುಬಿಡುತ್ತದೆ. ಎಲ್‌ಇಡಿ ಬಲ್ಬಿನ ಹಿಂಬದಿಯ ಫ್ಯಾನು ಕೆಸರಿಗೆ ಬಾಳುವುದೂ ಕಷ್ಟ. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಲೈಟುಗಳ ಮೇಲೆ ಕೇಸು ಹಾಕಲು ಹೊರಟಿದ್ದು ಇಂಥವಕ್ಕೇ.

ಎಲ್‌ಇಡಿಯೇ ಬೇಕೆಂದರೆ ಲೆನ್ಸು, ಬಲ್ಬು ಎಲ್ಲ ಸೇರಿದ ಪೂರ್ತಿ ಏಳಿಂಚಿನ ಯುನಿಟ್ ಕೊಳ್ಳಿ. ಗಾಜಿನ ಮೇಲೆ ವೃತ್ತದೊಳಗೆ ‘ಇ’ ಗುರುತು ಇರಲಿ. ಅದರ ಹತ್ತಿರ ಒಂದು ಬಾಣದ ಗುರುತೂ ಇರಬೇಕು: ಲೈಟಿಗೆ ಎದುರಾಗಿ ನಿಂತ ನಿಮ್ಮ ಬಲಕ್ಕೆ ತೋರಿಸುವ ಬಾಣವಿದ್ದರೆ ಅದು ಎಡಬದಿ ಸಂಚಾರದ ದೇಶಕ್ಕೆ ಮಾಡಿದ್ದು. ‘ಇ’ ಗುರುತಿದ್ದೂ ಬಾಣವಿಲ್ಲದಿದ್ದರೆ ಅದು ಬಲಬದಿ ಸಂಚಾರದ್ದು. ಅದರ ಡಿಪ್ ಬೆಳಕು ಏರುವುದು ಬಲಕ್ಕೆ, ಅಂದರೆ ನಮ್ಮಲ್ಲಿ ಎದುರಿನ ಗಾಡಿಯ ಮುಖಕ್ಕೆ. ಹಿಂಬದಿಯ ಬಿಸಿ ಹೊರಹಾಕುವ ಹೀಟ್ ಸಿಂಕ್ ಜೀಪಿನ ಲೈಟು ಕೂರುವ ಬಕೆಟ್ಟಿನೊಳಗೆ ಕೂರುತ್ತದೆಯೇ ಅಂತ ಆಳ ಅಳೆದೇ ದುಡ್ಡು ಕೊಡಿ. ಜಿಪ್ಸಿಯವರಿಗೆ ಮೇಲೆ ಹೇಳಿದ ಅರ್ತ್ ಬದಿಯ ಸ್ವಿಚ್ಚಿನ ತೊಡಕು ಇಲ್ಲೂ ಇದೆ, ರಿಲೇ ಇಲ್ಲದೆ ಸರಿಯಾಗಿ ಉರಿಯುವುದಿಲ್ಲ.

ಪ್ರಶ್ನೆ: ಹೊಸ ಡೂಮ್ ಹಾಕಿದ ಮೇಲೆ ಎದುರಿನವರೆಲ್ಲ ಡಿಪ್ ಮಾಡಿ ಅಂತ ಲೈಟ್ ಹೊಡೆಯುತ್ತಾರೆ. ಡಿಪ್ಪಿನಲ್ಲೇ ಇರುತ್ತೇನೆ. — ಓದುಗರು, ಕೊಪ್ಪ

ಉತ್ತರ: ಫೋಕಸ್ ಹೊಂದಿಸಿಲ್ಲ. ಜೀಪಿನ ಲೈಟು ಕಾರಿನದಕ್ಕಿಂತ ಎತ್ತರ, ದೊಡ್ಡ ಟಯರ್ ಹಾಕಿಸಿದ್ದರೆ ಇನ್ನೂ ಎತ್ತರ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಸರಿಯಾಗಿ 10 ಮೀಟರ್ ದೂರ ನಿಲ್ಲಿಸಿ. ಟಯರಿನ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ. ನೆಲದಿಂದ ಡೂಮಿನ ನಡುವಿಗೆ ಎಷ್ಟು ಎತ್ತರವೋ ಅಳೆದು ಗೋಡೆಯ ಮೇಲೆ ಗೆರೆ ಎಳೆಯಿರಿ, ಅದಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇನ್ನೊಂದು. ಒಂದು ಲೈಟಿಗೆ ಬಟ್ಟೆ ಮುಚ್ಚಿ, ಇನ್ನೊಂದರ ಡಿಪ್ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ಬರುವ ತನಕ ಡೂಮಿನ ಸುತ್ತಿನ ಅಡ್ಜಸ್ಟಿಂಗ್ ಸ್ಕ್ರೂ ತಿರುಗಿಸಿ. ಅಂಚು ಬಲದಲ್ಲಿ ಸಪಾಟಾಗಿದ್ದು, ಲೈಟಿನ ನಡುವಿನ ನೇರಕ್ಕೆ ಬಂದಲ್ಲಿಂದ ಎಡಕ್ಕೆ ಏರಬೇಕು. ಲೈಟು 95 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕು ಸುಮಾರು 63 ಮೀಟರ್ ದೂರಕ್ಕೆ ರಸ್ತೆ ಮುಟ್ಟುತ್ತದೆ, ಘಾಟಿಯ ವೇಗಕ್ಕೆ ಇಷ್ಟು ಧಾರಾಳ.

ಡೂಮ್ ಹಿಡಿದಿಡುವ ರಿಂಗಿನ ಮೂರು ಸಣ್ಣ ಸ್ಕ್ರೂಗಳನ್ನೇ ಅಡ್ಜಸ್ಟಿಂಗ್ ಸ್ಕ್ರೂ ಅಂದುಕೊಂಡು ಬಿಚ್ಚುವವರಿದ್ದಾರೆ. ಬಿಚ್ಚಿದರೆ ಡೂಮ್ ಕೈಗೆ ಬರುತ್ತದೆ. ಇನ್ನೊಂದು ಮಾತು: ಹಿಂದೆ ಮೂಟೆಗಳನ್ನೋ ಆಳುಗಳನ್ನೋ ಹೇರಿದಾಗ ಜೀಪಿನ ಮೂತಿ ಮೇಲೇಳುತ್ತದೆ. ಸಾಮಾನ್ಯವಾಗಿ ಓಡಿಸುವ ಭಾರವನ್ನೇ ಹಾಕಿಕೊಂಡು ಫೋಕಸ್ ಮಾಡಿ.

ಪ್ರಶ್ನೆ: ಮಂಜಿಗೆ ಹಳದಿ ಫಾಗ್ ಲ್ಯಾಂಪ್ ಒಳ್ಳೆಯದಂತೆ. ಬಂಪರಿನ ಮೇಲೆ ಹಾಕಿಸಲೇ, ಹುಡ್ಡಿನ ಮೇಲೆ ಹಾಕಿಸಲೇ? — ಓದುಗರು, ತೀರ್ಥಹಳ್ಳಿ

ಉತ್ತರ: ಬಂಪರಿನ ಮೇಲಲ್ಲ, ಆದರೆ ಅದರ ಕೆಳಗೆ, ಹುಡ್ಡಿನ ಮೇಲಂತೂ ಖಂಡಿತ ಬೇಡ. ಎತ್ತರದಲ್ಲಿ ಹಾಕಿದ ಲೈಟು ಮಂಜಿನ ಹನಿಗಳಿಗೆ ತಾಗಿ ಕಣ್ಣಿಗೇ ವಾಪಸ್ ಬರುತ್ತದೆ. ಆಗುಂಬೆಯ ಮಂಜಿನಲ್ಲಿ ಬ್ರೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುವುದು ಇದಕ್ಕೇ. ಹಳದಿ ಬಣ್ಣ ಮಂಜನ್ನು ಸೀಳುತ್ತದೆ ಅನ್ನುವುದು ಬರೀ ನಂಬಿಕೆ. ನೀಲಿ ಅಂಶ ಕಡಿಮೆಯಿರುವುದರಿಂದ ಕಣ್ಣಿಗೆ ಹಿತ, ಅಷ್ಟು ಮಾತ್ರ. 55 ವ್ಯಾಟಿನ ಜೋಡಿ ಹಾಕಿದರೆ ಮತ್ತೆ 9 ಆಂಪಿಯರ್ ಬೇಕು, ಅದಕ್ಕೂ ಪ್ರತ್ಯೇಕ ರಿಲೇ ಮತ್ತು 15 ಆಂಪಿಯರ್ ಫ್ಯೂಸ್. ಎಂಜಿನ್ ಚಾಲೂ ಇದ್ದು ಎಲ್ಲ ಲೈಟು, ವೈಪರ್ ಹಾಕಿದಾಗ ಬ್ಯಾಟರಿಯಲ್ಲಿ 13.5 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಮೊದಲು ಆಲ್ಟರ್ನೇಟರ್, ಬೆಲ್ಟು ನೋಡಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಡೂಮಿನೊಳಗೆ ನೀರು ನಿಲ್ಲುತ್ತದೆ. — ಓದುಗರು, ಸಿದ್ದಾಪುರ

ಉತ್ತರ: ಹೋಲ್ಡರಿನ ಹಿಂದಿನ ರಬ್ಬರ್ ಬೂಟು ಹರಿದಿದೆ, ಇಲ್ಲವೇ ತಲೆಕೆಳಗಾಗಿ ಕೂತಿದೆ. ಬೂಟಿನಲ್ಲಿ ನೀರಿಳಿಯುವ ರಂಧ್ರವಿದ್ದರೆ ಅದು ಕೆಳಮುಖವಾಗಿರಬೇಕು. ಡೂಮ್ ಬಿಚ್ಚಿ, ಬಲ್ಬ್ ತೆಗೆದು, ಒಂದು ದಿನ ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಹೊಸ ಬೂಟು ಹಾಕಿ. ಸುತ್ತ ಸಿಲಿಕಾನ್ ಮೆತ್ತಿ ಪೂರ್ತಿ ಮುಚ್ಚಬೇಡಿ. ಒಳಗಿನ ತೇವ ಹೊರಹೋಗದೆ ರಿಫ್ಲೆಕ್ಟರೇ ಹಾಳಾಗುತ್ತದೆ.